ನಾತೆ: ಇತರ

ಸೊಲ್ಲಾಪುರದ ಬೀಡಿ ಕಾಮಗಾರರ ವಸತಿಯಲ್ಲಿ
ಹದಿನೇಳನೆಯ ಸಂದರ್ಶನ.
ನನ್ನ ಪ್ರಬಂಧದ ಮೂರನೆಯ ಅಧ್ಯಾಯಕ್ಕೆ
ಒಂದು ಆಘಾತ ಬೇಕಿತ್ತು.

ಸುಂದ್ರಾಬಾಯಿ ತಗಡಿನ ಅಚ್ಚಿಟ್ಟು ಎಲೆ ಕತ್ತರಿಸುತ್ತಾಳೆ.
ಭಾಗವ್ವ ಸುತ್ತುತ್ತಾಳೆ, ದಾರ ಹಲ್ಲಲ್ಲಿ ಕಚ್ಚಿ.
ಮೂವತ್ತೊಂದು ವರ್ಷ, ನಡುವೆ ಒಂದೇ ಮೊರ.

ರೇಷನ್ ಕಾರ್ಡು ತೋರಿಸಿದರು.
ಮರಾಠಿಯಲ್ಲೊಂದು ಕಲಮು: ನಾತೆ. ಅಂದರೆ ಸಂಬಂಧ.
ಸುಂದ್ರಾಬಾಯಿಯ ಹೆಸರಿನ ಮುಂದೆ: ಇತರ.
“ನಾತ ಅಂದ್ರ ನಮ್ಮ ಮಾತಿನ್ಯಾಗ ಬ್ಯಾರೇನ ಐತಿ,”
ಭಾಗವ್ವ ನಕ್ಕಳು, ತಂಬಾಕಿನ ಬೆರಳು ಮೂಸಿ.
“ಅದೂ ಖರೇನ.”

ನಾನು ಕೇಳಿದೆ, ತಯಾರಿ ಮಾಡಿಕೊಂಡ ದನಿಯಲ್ಲಿ:
ನೀವಿಬ್ಬರೂ ಹಿಂಗ ಕೂಡಿ ಇರೋದು ತಿಳಿದಾಗ
ಓಣಿಗೆ ಶಾಕ್ ಆತೇನು?

“ಓಣಿಗೆಲ್ಲಿ? ಶಾಕ್ ಇಕಿಗೆ ಹೊಡದಿದ್ದು.
ಎಲಿ ನೆನಸಿದ ಒದ್ದಿ ಕೈಲೆ ಬಟನ್ ಮುಟ್ಟಿದ್ಲು.
ಕಟ್ಟಿಗಿಲೆ ಬಡದು ಬಿಡಸಬೇಕು, ಗೊತ್ತೈತಿ ನನಗೂ.
ಕಟ್ಟಿಗಿ ಬಾಗಿಲ ಹಿಂದನ ಇತ್ತು.
ಕೈನ ಹೋತು.
ಒಂದ ಕರೆಂಟು, ಇಬ್ಬರಿಗೂ.”

ಮತ್ತ ಓಣಿಯವರು?

“ಅವರು ಕಟ್ಟಿಗಿ ತಂದಿದ್ರು.
ಅದು ಬ್ಯಾರೆ ದಿವಸ.”
ಸುಂದ್ರಾಬಾಯಿ ಸೆರಗೆಳೆದು ಮೊಣಕೈ ಮುಚ್ಚಿದಳು.
“ಮೂರ ವರ್ಷ ನಳಕ್ಕ ಪಾಳಿ ಕೊಡಲಿಲ್ಲ.
ಆಮ್ಯಾಲೆ ಮನಸ್ಸು ಕರಗಿತು ಅಂತ ಬರಕೋಬ್ಯಾಡ.
ಕಾರ್ಪೊರೇಷನ್‌ದವರು ಮನಿಮನಿಗೆ ನಳಾ ಹಾಕಿದ್ರು.
ಪಾಳೀನ ಹೋತು.”

ಬರೆದುಕೊಂಡೆ. ಅಡಿಗೆರೆ ಎಳೆದೆ, ಎರಡು ಸಲ.
ಇಪ್ಪತ್ತೈದರ ಕಟ್ಟು ಬಿಗಿಯುತ್ತ, ತಲೆಯೆತ್ತದೆ,
ಭಾಗವ್ವ ಕೇಳಿದಳು:
“ನಿನಗ ಯಾರದಾರವ್ವಾ?”

ಕಲಬುರ್ಗಿಯ ನಮ್ಮ ಮನೆಯಲ್ಲಿ
ರೋಹಿಣಿಯ ಹೆಸರು ರೂಮ್‌ಮೇಟ್.
ಆರು ವರ್ಷದಿಂದ ಅವ್ವ ಅವಳಿಗೂ
ಶೇಂಗಾ ಹಿಂಡಿ ಕಳಿಸುತ್ತಾಳೆ,
ಬೇರೆ ಡಬ್ಬಿಯಲ್ಲಿ.

ರೆಕಾರ್ಡರಿನಲ್ಲಿ ಈಗ ಕೇಳಿದರೆ
ಹನ್ನೊಂದು ಸೆಕೆಂಡು ಬರೀ ಕತ್ತರಿಯ ಸಪ್ಪಳ.
ಲಿಪ್ಯಂತರದ ನಿಯಮ: ಮೌನವನ್ನೂ ದಾಖಲಿಸಬೇಕು,
ಯಾರದೆಂದು ಹೇಳಿ.
ಮಾಹಿತಿದಾರಳದು, ಅಂತ ಬರೆದೆ.
ಅಳಿಸಿದೆ.
ಅಲ್ಲಿ ಹಾಗೇ ಖಾಲಿ ಬಿಟ್ಟಿದ್ದೇನೆ, ಮಾರ್ಗದರ್ಶಕರು ಕೇಳಲಿ.

ಹೊರಗೆ ಕತ್ತಲಾಗಿತ್ತು.
ಅಷ್ಟು ಹೊತ್ತೂ ಮಾತಾಡದ ಸುಂದ್ರಾಬಾಯಿ
ಎಲೆಯ ಗೋಣಿತಟ್ಟು ಹಿಂಡುತ್ತ ಅಂದಳು:
“ನನ್ನ ಕೈ ಒದ್ದಿ ಅದಾವ.
ನಿನ್ನವು ಒಣಗ್ಯಾವೇನ ನೋಡು.
ಒಣಗಿದ್ರ ಆ ಬಟನ್ ಒತ್ತು, ಬೆಳಕಾಗಲಿ.”

ನೋಡಿಕೊಂಡೆ.
ಬೆವೆತಿದ್ದವು.