ಯಾವ ಸೋಪು?

ಉಂಗುರ ಹಸಿರಾಗಿದೆ ಎಂದು ಬಂದವರನ್ನು
ನಾನು ಮೊದಲು ಕೇಳುವುದು ಇಷ್ಟೇ:
ಯಾವ ಸೋಪು?

ಕೆಲವರಿಗೆ ಸಿಟ್ಟು ಬರುತ್ತದೆ.
ನಿಶಾಪುರದ ಗಣಿಯದ್ದೇ ಎಂದು ಆಣೆ ಹಾಕಿ ಕೊಟ್ಟೆಯಲ್ಲ, ಅನ್ನುತ್ತಾರೆ.
ಹೌದು, ಗಣಿಯದ್ದೇ. ಅದಕ್ಕೇ ಕುಡಿಯುತ್ತದೆ.
ಗಾಜಾಗಿದ್ದರೆ ಕುಡಿಯುತ್ತಿರಲಿಲ್ಲ.
ನೀರು, ನೊರೆ, ಕುರಿಕೊಬ್ಬು, ಬೆವರು, ಗುಲಾಬಿ ಅತ್ತರು,
ಕೊಟ್ಟದ್ದೆಲ್ಲ ಕುಡಿದು ಈ ಫಿರೋಜಾ
ಹಬ್ಬಕ್ಕೆಂದು ಬಂದು ಉಳಿದುಬಿಟ್ಟ ಅಳಿಯನ ಹಾಗೆ
ಮೆಲ್ಲಗೆ ಬಣ್ಣ ತೋರಿಸುತ್ತದೆ.

ಮೂವತ್ತು ವರ್ಷದಲ್ಲಿ ಕೈ ಓದುವುದು ಕಲಿತಿದ್ದೇನೆ.
ಒಂದೇ ಮಗ್ಗುಲಿಗೆ ಹಸಿರು ಏರಿದ್ದರೆ ಮೇಜು ಒರೆಸುವ ಕೈ.
ಅಂಚಿಗೆ ಹಿಟ್ಟು ಮೆತ್ತಿ ಗಟ್ಟಿಯಾಗಿದ್ದರೆ ರೊಟ್ಟಿಯವನು.
ನಮಾಜಿಗೆ ಮುಂಚೆ ತಪ್ಪದೆ ವಜೂ ಮಾಡುವ ಹಾಜಿಯವರದು
ಸುತ್ತಲೂ ಸಮನಾಗಿ, ಹದವಾಗಿ,
ಬಹಳ ಭಕ್ತಿಯಿಂದ ಹಸಿರಾಗಿತ್ತು.

ಎಲ್ಲರಿಗೂ ಅದೇ ಉಪದೇಶ.
ತೊಳೆಯುವ ಮುಂಚೆ ತೆಗೆಯಿರಿ. ಒದ್ದೆಯಾದರೆ ಆಗಲೇ ಒರೆಸಿ,
ಒಲೆಯ ಹತ್ತಿರ ಒಣಗಿಸಬೇಡಿ. ಅತ್ತರು ಮೊದಲು, ಉಂಗುರ ಆಮೇಲೆ.
ಹೂಂ ಅನ್ನುತ್ತಾರೆ.
ಹೊಳೆಯಲ್ಲಿ ತೊಳೆದ ಹುಣಸೆಹಣ್ಣು ನನ್ನ ಮಾತು.

ಕೋಕಬ್ ಮಾತ್ರ ಹೂಂ ಅನ್ನಲಿಲ್ಲ.
ಮಶ್ಹದ್ ರಸ್ತೆಯಲ್ಲಿ ಲಾರಿಯವರು ಉಣ್ಣುವ ಹೋಟೆಲ್ಲಿನ
ಹಿಂಬದಿಯ ತೊಟ್ಟಿಯಲ್ಲಿ ಪಾತ್ರೆ ತಿಕ್ಕುವವಳು.
ಚಾದರದ ತುದಿಯ ಗಂಟು ಹಲ್ಲಿನಿಂದ ಬಿಚ್ಚಿ
ಅಜ್ಜಿಯ ಉಂಗುರವನ್ನು ಗಾಜಿನ ಮೇಲಿಟ್ಟಳು.
ಮಾಗದ ಆಲೂಬುಖಾರದ ಹಸಿರು.

ತೆಗೆದು ಎಲ್ಲಿಡಲಿ? ಎಂದಳು.
ಗೋಡೆಯ ಮೊಳೆಗೆ ಹಾಕಿದೆ, ಎರಡನೆಯ ದಿನ ಮೊಳೆ ಮಾತ್ರ ಇತ್ತು;
ಲೋಟ ಎತ್ತುವ ಹುಡುಗ ಅತ್ತು ವಾಪಸು ಕೊಟ್ಟ.
ಬಾಯಲ್ಲಿಟ್ಟುಕೊಂಡೆ, ಯಾರೋ ಕರೆದರು,
ಓ ಎನ್ನಲು ಹೋಗಿ ನುಂಗಿಯೇಬಿಡುತ್ತಿದ್ದೆ.
ಜೇಬಿನಲ್ಲಿಟ್ಟರೆ ಜೇಬೂ ಒದ್ದೆ.
ಅಲ್ಲಿ ಒಣಗಿರುವುದು ಮಾಲೀಕನ ಗಲ್ಲಾಪೆಟ್ಟಿಗೆ ಒಂದೇ.

ಉತ್ತರ ತೋಚದೆ ಚಿಮಟ ಕೈಗೆತ್ತಿಕೊಂಡೆ.
ಬೆಳ್ಳಿಯ ಅಂಚನ್ನು ಎಬ್ಬಿಸಿ, ಹರಳನ್ನು ಅಂಗೈಗೆ ಬೀಳಿಸಿ,
ಮಗುಚಿದೆ.
ಅಡಿಯಲ್ಲಿ, ಹಳೆಯ ಮೇಣದ ಕೆಳಗೆ, ನೀರು ತಲುಪದ ಕಡೆ,
ಹುರುಳಿಕಾಳಿನಷ್ಟು ಜಾಗದಲ್ಲಿ
ನೀಲಿ.
ಅಜ್ಜಿ ಕೊಂಡ ದಿನದ ನೀಲಿ.

ಇದನ್ನೇ ಮೇಲೆ ಮಾಡಿ ಕೂರಿಸಿಕೊಡಲೇ?
ಒರಟಿದೆ, ಉಜ್ಜಬೇಕು, ಕೂಲಿ ಬೇಡ, ಎಂದೆ.
ಕೂಲಿ ಬೇಡವೆಂದದ್ದು ನನಗೇ ಆಶ್ಚರ್ಯ.
ಅವಳು ಬೆಳಕಿಗೆ ಹಿಡಿದು ನೋಡಿದಳು.
ಹೊರಗೆ ಬಸ್ಸೊಂದು ಬಂದು, ಜನರನ್ನು ಇಳಿಸಿ, ಹೋಯಿತು.
ಬೇಡ, ಇದ್ದ ಹಾಗೇ ಕೂರಿಸಿ, ಎಂದಳು.
ಈ ಕಡೆ ಬೆರಳಿಗೆ ತಾಗುತ್ತದಲ್ಲ.

ಒಂದು ಪುಟ್ಟ ಚರ್ಮದ ಚೀಲ ಕೊಟ್ಟೆ,
ದಾರ ಎಳೆದರೆ ಬಾಯಿ ಮುಚ್ಚುವಂಥದ್ದು.
ಕುತ್ತಿಗೆಗೆ ಹಾಕಿಕೋ,
ತೊಟ್ಟಿಗೆ ಕೈ ಇಳಿಸುವ ಮುಂಚೆ ಉಂಗುರ ಇದರೊಳಗೆ, ತಿಳಿಯಿತೇ?

ನೌರೋಜಿಗೆ ಎರಡು ದಿನ ಇರುವಾಗ ಮತ್ತೆ ಬಂದಳು,
ಮಗಳಿಗೆ ಕಿವಿಯೋಲೆ ನೋಡಲು.
ಚೀಲ ಕುತ್ತಿಗೆಯಲ್ಲಿತ್ತು. ದಾರ ಸಡಿಲಿಸಿ
ಕಾಗದದ ಪೊಟ್ಟಣವೊಂದನ್ನು ನನ್ನ ಮುಂದಿಟ್ಟಳು:
ಅಣ್ಣನ ಹೊಲದ ಕೇಸರಿ, ನಿಮಗೆ.
ಇದು ನೆನೆಯಬಾರದು, ನೋಡಿ.

ಉಂಗುರ ಬೆರಳಲ್ಲೇ ಇತ್ತು, ಇನ್ನೂ ಒದ್ದೆ.
ಯಾವ ಸೋಪು ಎಂದು ಕೇಳಲಿಲ್ಲ.
ನಿಂಬೆಯ ವಾಸನೆ ಬರುತ್ತಿತ್ತು.