ಮುಚ್ಚಳದ ಬೆವರು

ಹೋದ ಚಳಿಗಾಲ ಐಲಿ ಕೊಸ್ಕಿ
ಜೇನುಪೆಟ್ಟಿಗೆಗೆ ಎರಡು ಕಂಬಳಿ ಸುತ್ತಿ
ಅಂಚಿಗೆಲ್ಲ ಟೇಪು ಅಂಟಿಸಿ
ಬಾಣಂತಿ ಕೋಣೆಯ ಕಿಂಡಿಗೆ ಬಟ್ಟೆ ತುರುಕುವ ಹಾಗೆ
ಮೇಲಿನ ತೂತಿಗೆ ಹಳೇ ಕಾಲ್ಚೀಲವೊಂದನ್ನು ತುರುಕಿದ್ದಳು.

ಏಪ್ರಿಲ್‌ನಲ್ಲಿ ತೆರೆದರೆ ತುಪ್ಪ ಇದ್ದಷ್ಟೂ ಇತ್ತು.
ಹುಳಗಳು ಮಾತ್ರ ತಳದಲ್ಲಿ
ಸೋಸಿ ಬಿಟ್ಟ ಚಹಾದ ಚರಟ.

ಹಸಿವಲ್ಲ, ಚಳಿಯೂ ಅಲ್ಲ ಅಂದಳು.
ಅವುಗಳದೇ ಉಸಿರು ಮೇಲೇರಿ
ತಣ್ಣನೆ ಮುಚ್ಚಳಕ್ಕೆ ತಾಗಿ, ನೀರಾಗಿ
ಅವುಗಳ ಮೇಲೇ ಬಿದ್ದಿದೆ, ತೊಟ್ಟು ತೊಟ್ಟು, ನಾಲ್ಕು ತಿಂಗಳು.
ಒಳಮೈ ಸವರಿ ಬೆರಳು ತೋರಿಸಿದಳು: ಕರಿ ಬೂಜು.
ಅವಳನ್ನು ಬಯ್ಯುವವರು ಯಾರೂ ಇರಲಿಲ್ಲ.

ಈ ಅಕ್ಟೋಬರಿನ ಒಂದು ಬೆಳಿಗ್ಗೆ
ಹ್ಯಾನ್‌ಕಾಕ್ ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ
ಅವಳ ಮಹಡಿಯ ಬಾಡಿಗೆ ಕೋಣೆಗೆ ನಾನು ಮೆಟ್ಟಿಲು ಹತ್ತುತ್ತಿದ್ದೆ.
ಇಲ್ಲಿ ಹಿಡಿ, ಎಂದು ಪೆಟ್ಟಿಗೆಯ ಒಂದು ಮೂಲೆ ಕೊಟ್ಟಳು.
ಹಿಂದಕ್ಕೊಂದು ಹಲಗೆ ಚೂರು ಕೊಟ್ಟು
ಮುಂದಕ್ಕೆ ಒಂಚೂರು ವಾಲಿಸಿದೆವು,
ನೀರು ಇಳಿದರೂ ಬಾಗಿಲಿಂದ ಇಳಿಯಲಿ ಅಂತ.
ಇಲಿ ಬಾರದಂತೆ ಬಾಗಿಲಿಗೆ ಜಾಲರಿ,
ಮೂರು ಮಗ್ಗುಲಿಗೆ ಫೋಮ್ ಹಲಗೆ, ಮೇಲೆ ಕರಿ ಟಾರು ಕಾಗದ.
ಡ್ರಿಲ್ಲು ಗಿರ್ರೆಂದು ಎತ್ತರದಲ್ಲೊಂದು ತೂತು ಕೊರೆಯಿತು,
ಕಾಲಾಣೆಯಷ್ಟು ಅಗಲ.

ಮುಚ್ಚಳಕ್ಕೇನು ಮಾಡೋಣ, ಎಂದಾಗ
ನಿದ್ದೆಗಣ್ಣಲ್ಲೇ ಹೇಳಿದೆ:
ನಮ್ಮಲ್ಲಿ ಇಡ್ಲಿ ಬೇಯುವಾಗ
ಮುಚ್ಚಳದಡಿಗೆ ಒಂದು ಒಣ ಬಟ್ಟೆ ಕಟ್ಟುತ್ತಾರೆ.
ಇಲ್ಲದಿದ್ದರೆ ಬೆವರು ಸುರಿದು
ಮೇಲಿನ ತಟ್ಟೆಯದ್ದೆಲ್ಲ ಪಿಚಪಿಚ.

ಇಡ್ಲಿ ಅಂದರೇನು ಎಂದು ಕೇಳಲಿಲ್ಲ ಅವಳು.
ಎಂಥ ಬಟ್ಟೆ? ಅಂದಳು.

ಆಲೂಗಡ್ಡೆಯ ಗೋಣಿ ಕತ್ತರಿಸಿ ಹಾಸಿ
ಅದರ ಮೇಲೆ ನಾಲ್ಕು ಬೆರಳು ಪೈನ್ ಹೊಟ್ಟು ಹರಡಿದಳು.
ಸೌನಾ ಕಟ್ಟಿ ಗಾಳಿಕಿಂಡಿ ಇಡದವನನ್ನು
ಕೊಲೆಗಾರ ಅನ್ನುತ್ತಿದ್ದನಂತೆ ಅವಳಪ್ಪ.
ಗೊತ್ತಿತ್ತು ಕಣೆ, ಅಂದಳು ಹೊಟ್ಟು ತಟ್ಟುತ್ತ,
ಗೊತ್ತಿದ್ದೂ ಕಾಲ್ಚೀಲ ತುರುಕಿದೆ.

ಆಮೇಲೆ ಸರೋವರದ ಕಡೆಯಿಂದ ಬಂತು ಹಿಮ.
ಒಂದು ವಾರ. ಇನ್ನೊಂದು ವಾರ.
ಬೇಲಿ ಹೋಯಿತು, ಅಂಚೆಡಬ್ಬಿ ಹೋಯಿತು,
ಪೆಟ್ಟಿಗೆ ಎಲ್ಲಿ ಇಟ್ಟಿದ್ದೆವೆಂಬುದೂ ಹೋಯಿತು.
ಗುದ್ದಲಿ ಊರಿಕೊಂಡು ಐಲಿ, ಹಿಂದೆ ನಾನು,
ಸೊಂಟದವರೆಗೆ ಹೂತು ಹುಡುಕಿದೆವು.

ಸಿಕ್ಕಿದ್ದು ಒಂದು ತೂತು.
ಬೆಳ್ಳಗಿನ ನಡುವೆ ಬೆರಳು ಹೋಗುವಷ್ಟು,
ಅಂಚು ಗಾಜಿನಂತೆ ಕರಗಿ ಹೆಪ್ಪುಗಟ್ಟಿದ್ದು, ಚೂರು ಹಳದಿ.
ಪಕ್ಕದಲ್ಲಿ ಒಳಗಿನವರು ಹೊರಗೆಳೆದು ಹಾಕಿದ
ಮೂರು ಹೆಣ.

ಅವಳ ಮಂಡಿ ಬಗ್ಗುವುದಿಲ್ಲ.
ನೀನು ನೋಡು, ಅಂದಳು.
ಕಿವಿಯಿಟ್ಟೆ, ಏನೂ ಕೇಳಲಿಲ್ಲ; ಟೋಪಿ ಸರಿಸಿ ಮತ್ತೆ ಇಟ್ಟೆ.
ಮುಖ ತಂದೆ ಹತ್ತಿರ.
ಮೇಣದ ವಾಸನೆ, ಹಸಿ ಮರದ್ದು,
ಮಲಗಿದ ಮಗುವಿನ ನೆತ್ತಿಯದ್ದರಂಥದ್ದು ಏನೋ.

ಏನಾಯಿತು, ಹೇಳೇ, ಎಂದು ಮೇಲಿನಿಂದ ಐಲಿ.

ಕನ್ನಡಕ ಪೂರ್ತಿ ಮಂಜಾಗಿತ್ತು.
ಒರೆಸಲು ಕೈಗವಸು ಬಿಚ್ಚಬೇಕು.
ಹಾಗೇ ಇದ್ದೆ.