ಇರ್ಲಿ, ಹೋಗ್ಲಿ

ಕಪನೂರ ದಾಲ್ ಮಿಲ್ಲಿನಾಗ
ಮೊರ ಹಿಡ್ದು ಹದಿನೆಂಟು ವರ್ಷ ಕುಂತಾಕಿ ನಾ.
ಈಗ ಅಲ್ಲಿ ಮಷೀನ್ ನಿಂತದ, ಕ್ಯಾಮೆರಾ ಕಣ್ಣಿಂದು.
ಕರಿ ಕಾಳು ಕಂಡರ ಗಾಳಿ ಊದ್ತದ,
ಫಟ್! ಬ್ಯಾಳಿ ಆಚಿಗಿ.

ಅದಕ್ಕ ಕಲಿಸ್ಲಾಕ ನನ್ನೇ ಕರದ್ರು.
ಎಂಜಿನಿಯರ್ ಹುಡುಗ ರೇವಣ, ಚಿತ್ತಾಪುರದಾಂವ,
ಪರದಾದ ಮ್ಯಾಲ ಒಂದೊಂದೇ ಬ್ಯಾಳಿ ತೋರಸ್ತಾನ,
ಪಾಟಿಯಷ್ಟು ಪಾಟಿಯಷ್ಟು ದೊಡ್ಡವು.
"ಜಗದೇವಕ್ಕ, ಇದು ಇರ್ಲೋ? ಹೋಗ್ಲೋ?"

ಇರ್ಲಿ. ಹೋಗ್ಲಿ. ಹೋಗ್ಲಿ. ಇರ್ಲಿ.
ಮಧ್ಯಾಹ್ನದ ತನಕ ಬಾಯಿಗಷ್ಟೇ ಕೆಲಸ;
ಉಡ್ಯಾಗ ಒಂದು ಕಾಳಿಲ್ಲ, ಉಗುರಾಗ ಧೂಳಿಲ್ಲ.

ಆಮ್ಯಾಲ ಬಂತು ಒಂದು,
ಅರ್ಧ ಮುರಿದದ್ದು, ಅಂಚಿಗಿ ಹೊಟ್ಟು ಹಂಗೇ ಅಂಟಿದ್ದು.
ಪ್ಯಾಕೆಟ್ಟಿಗಿ ಹೋಗಂಗಿಲ್ಲ ಖರೆ,
ಚೆಲ್ಲಾಕೂ ಮನಸ್ಸು ಬರಂಗಿಲ್ಲ.
ಇಂಥಾವು ಸೆರಗಿನ ಗಂಟಿನಾಗ ಮನಿಗಿ ಬರತಿದ್ದವು,
ಪುಂಡಿಪಲ್ಯದಾಗ ಬೆಂದು, ಕರಗಿ,
ನಿನ್ನಿನ ಕಟಕ ರೊಟ್ಟಿ ಮೆತ್ತಗ ಮಾಡತಿದ್ದವು.

"ಇದು ಮನಿಗಿ" ಅಂದೆ.
ಹುಡುಗ ಬಟನ್ ಹುಡುಕಿದ.
"ಅಕ್ಕ, ಎರಡೇ ಅವ."
ನಾ ಸುಮ್ಮನಾದೆ. ಅಂವ "ಹೋಗ್ಲಿ" ಒತ್ತಿದ.
ಮಷೀನ್ ಕಲೀತು.
ಒಮ್ಮೆ ಕಲಿತರ ಮರಿಯಂಗಿಲ್ಲಂತ ಅದು.

ಪಾಳಿ ಮುಗಿಸಿ ಬರೋವಾಗ ನೋಡಿದ್ರ
ಕಸದ ಕೊಳವಿ ಕೆಳಗ ಒಂದು ಎಣ್ಣಿ ಡಬ್ಬಿ,
ಸ್ವಚ್ಛ ತೊಳೆದದ್ದು,
ಮ್ಯಾಲ ಬಳಪಲೆ ಸೊಟ್ಟ ಅಕ್ಷರ: ಮನಿಗಿ.

ಎರಡು ಕಿಲೋ ಇರಬೇಕು.
ಮುರಿದವು, ಹೊಟ್ಟಿನವು, ಸುಟ್ಟವು, ಹುಳ ತಿಂದವು,
ಒಂದೆರಡು ಹಳ್ಳು, ಎಲ್ಲಾ ಕೂಡೇ ಬಿದ್ದಾವ.

ದೀಪ ಹಚ್ಚಿ
ಮೊರ ಮುಂದ ಇಟ್ಕೊಂಡೆ.
ಇರ್ಲಿ. ಹೋಗ್ಲಿ. ಇರ್ಲಿ.